ಬಟನ್ ಮುಟ್ಟದೆ ಚಾಲೂ ಆದ ಗಾಡಿ

ಹೋದ ತಿಂಗಳು ಘಟಪ್ರಭಾದಿಂದ ಮೂಡಲಗಿಗೆ ಹೋಗಲು ಬಾಡಿಗೆ ಕಾರು ಹಿಡಿದಿದ್ದೆ. ಮಳೆ ಹಿಡಿದುಕೊಂಡಿತ್ತು. ಹಿಂದಿನ ಸೀಟಿನಲ್ಲಿ ಕುಳಿತು ಬಾಗಿಲು ಹಾಕಿಕೊಂಡೆ. ಕಾರು ಯಾವಾಗ ಹೊರಟಿತೋ ತಿಳಿಯಲೇ ಇಲ್ಲ. ಹೊರಗಿನ ಅಂಗಡಿಗಳು ಹಿಂದಕ್ಕೆ ಸರಿಯತೊಡಗಿದಾಗ ಗೊತ್ತಾಯಿತು. ಮುಂದೆ ರೈಲ್ವೆ ಗೇಟು ಬಿದ್ದಿತ್ತು. ನಿಂತೆವು. ಡ್ರೈವರ್ ಎರಡೂ ಕೈ ಬಿಟ್ಟು ಮೊಬೈಲ್ ನೋಡುತ್ತ ಕುಳಿತಿದ್ದ. ಅಷ್ಟರಲ್ಲಿ ಯಾರೂ ಏನೂ ಮುಟ್ಟದೆ, ನಿಂತ ಕಾರಿನ ಇಂಜಿನ್ ಸಣ್ಣಗೆ ನಡುಗಿ, ಗುಂಯ್ ಎಂದು ಎದ್ದಿತು. ನನಗೆ ತಿಳಿಯುವ ಮುಂಚೆಯೇ ನನ್ನ ಕೈ ಹೋಗಿ ಗಾಜು ಪೂರ್ತಿ ಇಳಿಸಿತ್ತು.

"ಅಕ್ಕಾರ, ಮಳಿ ಒಳಗ ಬರತೈತ್ರಿ. ಎ.ಸಿ. ಹಾಕೇನಲ್ರಿ," ಎಂದ ಡ್ರೈವರ್.

"ಇರ್ಲಿ ಬಿಡಪ್ಪಾ. ತೋಯ್ಸಿಕೊಂತೀನಿ," ಎಂದೆ.

ಬಯಲಲ್ಲಿ ನಿಂತ ಕಾರು ಯಾರಿಗೂ ಏನೂ ಮಾಡುವುದಿಲ್ಲ ಎಂದು ನನಗೆ ಗೊತ್ತು. ಮೋಟಾರು ವಾಹನದ ಪಾಠ ಹೇಳಿ ಹೊಟ್ಟೆ ಹೊರೆಯುವವಳು ನಾನು. ಆದರೂ ಮೂಡಲಗಿ ಬರುವ ತನಕ ಗಾಜು ಏರಿಸಲಿಲ್ಲ. ಎಡಭುಜ ತೊಯ್ದು ತೊಪ್ಪೆಯಾಯಿತು. ದಾರಿಯುದ್ದಕ್ಕೂ ತಲೆಯಲ್ಲಿ ಹುಕ್ಕೇರಿಯ ಆ ಒಂದು ಮಳೆಗಾಲವೇ ಇತ್ತು.

ಮೂಡಲಗಿ ನನ್ನೂರು. ಅಪ್ಪನ ಟ್ರ್ಯಾಕ್ಟರಿನ ಕೆಳಗೆ ಮಲಗಿ ನಟ್ಟು ಬಿಚ್ಚುತ್ತ ಬೆಳೆದೆ; ಓದಿದ್ದೂ ಅದನ್ನೇ. ಹುಕ್ಕೇರಿಯ ಐಟಿಐಗೆ ವರ್ಗವಾಗಿ ಹೋದಾಗ ಜೂನ್ ಮುಗಿಯುತ್ತ ಬಂದಿತ್ತು. ಆ ವರ್ಷ ಮಳೆ ಜೋರಾಗಿ ಹೊಡೆದು ನಿಲ್ಲುವ ಮಳೆಯಲ್ಲ. ಮೂರು ಮೂರು ದಿನ ಜಿಟಿಜಿಟಿ ಹಿಡಿದು, ಹೊತ್ತು ಏರಿದ್ದೂ ಇಳಿದದ್ದೂ ಒಂದೇ ಬೂದಿ ಬಣ್ಣದಲ್ಲಿ ಕಳೆದುಹೋಗುತ್ತಿತ್ತು. ಒಣಹಾಕಿದ ಬಟ್ಟೆ ಒಣಗುತ್ತಿರಲಿಲ್ಲ.

ಮನೆ ಸಿಕ್ಕಿದ್ದು ಊರಂಚಿಗೆ, ಹಳೆಯ ಗುಮ್ಮಟಗಳ ಕಡೆ ಹೋಗುವ ರಸ್ತೆಯಲ್ಲಿ. ಮನೆಯ ಮಾಲೀಕರು ಭೂಪಾಲ ಕಾಕಾ. ಎಪ್ಪತ್ತರ ಆಸುಪಾಸಿನ, ನೆಟ್ಟಗೆ ನಡೆಯುವ ಮನುಷ್ಯ. ಜೈನರು, ಹೊತ್ತು ಮುಳುಗುವ ಮುಂಚೆ ಊಟ ಮುಗಿಸುವವರು. ಒಂದು ಕಾಲಕ್ಕೆ ಕೊಣ್ಣೂರಿನಲ್ಲಿ ಕಬ್ಬಿನ ಗಾಣ ನಡೆಸಿ, ಅದನ್ನು ಬಿಟ್ಟ ಮೇಲೆ ಹುಕ್ಕೇರಿಗೆ ಬಂದು ಈ ಮನೆ ಕಟ್ಟಿಸಿದ್ದರು. ಮಗಳು ಸುನಂದಾಳನ್ನು ಕೊಣ್ಣೂರಿಗೇ ಕೊಟ್ಟಿತ್ತು. ಅವಳು ಹದಿನೈದು ದಿನಕ್ಕೊಮ್ಮೆ ಬಂದು ಹೋಗುತ್ತಿದ್ದಳು.

ನನಗೆ ಕೊಟ್ಟದ್ದು ಹಿಂದಿನ ಖೋಲಿ. ಒಂದು ಮಂಚ, ಗೋಡೆಯಲ್ಲಿ ಒಂದು ಕಪಾಟು, ಒಂದೇ ಕಿಟಕಿ. ಆ ಕಿಟಕಿ ಮೊದಲು ಬಾಜೂ ಅಂಗಳಕ್ಕೆ ತೆರೆಯುತ್ತಿತ್ತಂತೆ. ಕಾರು ಕೊಂಡ ಮೇಲೆ ಅಂಗಳಕ್ಕೆ ತಗಡು ಹೊದಿಸಿ, ಮುಂದೆ ಶಟರ್ ಇಳಿಸಿ ಅದನ್ನೇ ಗಾಡಿಮನೆ ಮಾಡಿದ್ದರು. ಹಾಗಾಗಿ ಕಿಟಕಿ ತೆರೆದರೆ ಗಾಳಿಯೂ ಇಲ್ಲ, ಆಕಾಶವೂ ಇಲ್ಲ. ಕತ್ತಲಲ್ಲಿ ನಿಂತ ಒಂದು ಬಿಳಿ ಕಾರು; ಅದರ ಹಿಂಭಾಗ ನನ್ನ ಕಿಟಕಿಯ ಕೆಳಗೇ. ಮಳೆಗೆ ಉಬ್ಬಿದ ಕದಗಳು ಸರಿಯಾಗಿ ಕೂಡುತ್ತಿರಲಿಲ್ಲ. ನಡುವೆ ಎರಡು ಬೆರಳಿನ ಸಂದು.

ಕಸ ಮುಸುರೆಗೆ ಬರುತ್ತಿದ್ದ ತಂಗೆವ್ವ ಎರಡನೇ ದಿನವೇ ಹೇಳಿದಳು.

"ಬಾಯಾರ, ನಿಮಗ ಗೊತ್ತೈತೋ ಇಲ್ಲೋ. ಕಾಕಾರ ಮನಿಯವರು, ಪದ್ಮಾವತಿ ಕಾಕು, ಹೋಗಿದ್ದು ಈ ಖೋಲ್ಯಾಗಽ. ಹೋದ ಶ್ರಾವಣದಾಗ. ಮಧ್ಯಾಹ್ನ ಉಂಡು ಮಲಗಿದ್ರು, ಏಳಲೇ ಇಲ್ಲ. ಎದಿ ನಿಂತೈತಿ ಅಂದ್ರು ಡಾಕ್ಟರು."

"ಎದಿ ಬ್ಯಾನಿ ಇತ್ತೇನು ಮೊದಲ?"

"ಮೊಣಕಾಲ ಬ್ಯಾನಿ ಒಂದಽ ನೋಡ್ರಿ." ಅವಳು ಕಸಬರಿಗೆ ನಿಲ್ಲಿಸಿ ದನಿ ತಗ್ಗಿಸಿದಳು. "ಆದ್ರ ಸತ್ತವರಂಗ ಇರಲಿಲ್ರಿ. ಮೈ ತೊಳದಾಕಿ ನಾನಽ. ಮಾರಿ ಕೆಂಪಗ, ತುಟಿ ಕೆಂಪಗ. ಈಗ ಎದ್ದು ಚಾ ಕೇಳ್ತಾರೇನೋ ಅನ್ನೂ ಹಂಗಿತ್ತು."

ನಾನು ಹೂಂ ಎಂದು ಹಾಸಿಗೆ ಬಿಡಿಸಿದೆ. ಯಾರೂ ಸಾಯದ ಮನೆ ಯಾವ ಊರಲ್ಲಿದೆ?

ಆ ಕಾರು ಹೈಬ್ರಿಡ್ ಕಾರು. ಪುಣೆ ಕಡೆಯವರೊಬ್ಬರು ಮಾರಿದ ಹಳೆಯ ಗಾಡಿ. ಕಾಕುವಿನ ಮೊಣಕಾಲು ನೋವಿಗೆಂದೇ ಕಾಕಾ ಅದನ್ನು ಕೊಂಡಿದ್ದರು. ಬೆಳಿಗ್ಗೆ ಅವರು ಶಟರ್ ಎತ್ತಿ ಕಾರು ಹೊರಗೆ ತರುವುದನ್ನು ನೋಡುವುದೇ ಒಂದು ವಿಚಿತ್ರ. ಒಂದು ಸಪ್ಪಳವಿಲ್ಲ. ರಸ್ತೆಯಲ್ಲಿ ಮಲಗಿದ ನಾಯಿ ಕಾರು ಮೂಗಿಗೆ ತಾಗುವಷ್ಟು ಬಂದ ಮೇಲೆ ಹಾರಿ ಬೀಳುತ್ತಿತ್ತು. ಮಳೆಯಲ್ಲಿ ಎದುರಿನಿಂದ ಬರುವಾಗ, ಯಾರೋ ಒಂದು ಬಿಳಿ ಪರದೆಯನ್ನು ದಾರದಿಂದ ಎಳೆದುಕೊಂಡು ಬಂದ ಹಾಗೆ ಕಾಣುತ್ತಿತ್ತು. ಕಾಕಾ ಅದರಲ್ಲಿ ಧುಪದಾಳದ ತನಕ ಹೋಗಿ, ಒಡ್ಡಿನ ಮೇಲೆ ನೀರು ಉರುಳುವುದನ್ನು ನೋಡಿ ಬರುತ್ತಿದ್ದರು. ಮೊದಲು ಗಂಡ ಹೆಂಡತಿ ಇಬ್ಬರೂ ಹೋಗುತ್ತಿದ್ದ ಜಾಗವಂತೆ.

ಮೊದಲ ಭಾನುವಾರ ಮಧ್ಯಾಹ್ನ ಮಂಚದ ಮೇಲೆ ಅಡ್ಡಾಗಿದ್ದೆ. ಹೊರಗೆ ತಗಡಿನ ಮೇಲೆ ಮಳೆಯ ಸಣ್ಣ ಸದ್ದು. ಗಾಡಿಮನೆಯಿಂದ ಕಾಕಾ ಮಾತಾಡುವುದು ಕೇಳಿಸಿತು. ಸಂದಿನಿಂದ ಇಣುಕಿದೆ. ಶಟರ್ ಇಳಿದಿತ್ತು. ಕಾರಿನ ಕಿಟಕಿ ಇಳಿಸಿ ಡ್ರೈವರ್ ಸೀಟಿನಲ್ಲಿ ಕಾಕಾ ಒಬ್ಬರೇ ಕುಳಿತು, ಪಕ್ಕದ ಖಾಲಿ ಸೀಟಿನ ಕಡೆ ತಿರುಗಿ ಹೇಳುತ್ತಿದ್ದರು.

"ಸುನಂದಾ ಬಂದಿದ್ಲು ಮೊನ್ನಿ. ಆಕಿ ಮಗಾ ನಿನ್ನ ಮೂಗಽ ತಂದಾನ ನೋಡು… ನೀ ಇದ್ದಿದ್ರ…"

ಮಾತು ನಿಲ್ಲಿಸಿದರು. ಆಮೇಲೆ ಕಾರು ಒಮ್ಮೆ ಮೈ ನಡುಗಿಸಿ ಗುಂಯ್ ಎಂದಿತು. ಕಾಕಾರ ಕೈ ಮಡಿಲಲ್ಲೇ ಇತ್ತು. ಅವರು ಏನನ್ನೂ ಮುಟ್ಟಿರಲಿಲ್ಲ. ಆ ಗುಂಯ್ಗುಟ್ಟುವಿಕೆಗೆ ತಲೆಯಾಡಿಸುತ್ತ, "ಹೂಂ, ಹೂಂ," ಎನ್ನುತ್ತಿದ್ದರು. ಸ್ವಲ್ಪ ಹೊತ್ತಿನಲ್ಲಿ ಅದು ತಾನಾಗಿ ನಿಂತಿತು. ಕಾಕಾ ಮತ್ತೆ ಮಾತು ಶುರು ಮಾಡಿದರು.

ಸಂಜೆ ಚಹಾ ಕುಡಿಯುವಾಗ ಅವರೇ ಹೇಳಿದರು. ಮುಚ್ಚುಮರೆ ಇರಲಿಲ್ಲ.

"ಆಕಿ ಬರ್ತಾಳ್ರಿ ಬಾಯಾರ. ನನಗ ಹುಚ್ಚು ಹಿಡದೈತಿ ಅನಬ್ಯಾಡ್ರಿ. ಆಕಿ ಹೋದ ಮೂರನೇ ದಿನ, ಮಂದಿ ಎಲ್ಲಾ ಒಳಗಿದ್ರು, ಅಳಾಕ ಜಾಗಾ ಇಲ್ದ ಗಾಡ್ಯಾಗ ಹೋಗಿ ಕುಂತೆ. ಬಟನ್ ಮುಟ್ಟಿಲ್ಲ, ಕಾಲು ಸೈತ ಅಲುಗಿಸಿಲ್ಲ. 'ನನ್ನ ಬಿಟ್ಟು ಹೆಂಗ ಹೋದಿ' ಅಂದೆ. ತಾನಽ ಚಾಲೂ ಆತ್ರಿ. ಸ್ಟೇರಿಂಗ್ ಮುಂದಿನ ದೀಪ ಎಲ್ಲಾ ಹತ್ತಿದ್ದವು."

ಭಾನುವಾರ ಮಧ್ಯಾಹ್ನ ಗಾಡಿಮನೆಗೆ ಬಂದು, ಫ್ಯಾನಿನ ಗಾಳಿಗೆಂದು ಬಟನ್ ಒತ್ತಿ ಕೂರುವುದು ಆಮೇಲೆ ಅವರಿಗೆ ಅಭ್ಯಾಸವಾಗಿತ್ತು. ಆದರೆ ಅವರ ಪಾಲಿಗೆ ಬಟನ್ ಬರೀ ದೀಪ ಹಚ್ಚುವುದಕ್ಕೆ. ಇಂಜಿನ್ ಏಳುವುದು ಕಾಕು ಬಂದಾಗ. ಆ ಮೂರನೇ ದಿನದ ಮಾತು ಅವರಿಗೆ ಎಲ್ಲಕ್ಕೂ ಸಾಕ್ಷಿ. ನಾನು ಅವರ ಮುಖ ನೋಡಿದೆ. ಅಷ್ಟು ನೆಮ್ಮದಿ ಇತ್ತು ಅಲ್ಲಿ. ಹಳೆಯ ಗಾಡಿ, ವೈರಿಂಗ್‌ನಲ್ಲಿ ಏನೋ ಇರಬೇಕು ಎಂದುಕೊಂಡು ಬಿಟ್ಟೆ. ನಾನು ಅಲ್ಲಿಯ ತನಕ ಕಲಿಸಿದ್ದು ಡೀಸೆಲ್ ಇಂಜಿನ್, ಕ್ಲಚ್ಚು, ನಾಲ್ಕು ಗೇರಿನ ಪೆಟ್ಟಿಗೆ. ಹೈಬ್ರಿಡ್ ಪಾಠ ಹೊಸ ಪಠ್ಯದ ಕೊನೆಗಿತ್ತು. ನಾನಿನ್ನೂ ಅದನ್ನು ತೆರೆದಿರಲಿಲ್ಲ.

ಜುಲೈ ಹೊಕ್ಕ ಮೇಲೆ ನನಗೂ ಶುರುವಾಯಿತು. ರಜೆಯ ದಿನ ಮಧ್ಯಾಹ್ನ ಮಲಗಿದರೆ ಹಣೆಯ ಸುತ್ತ ಹಗ್ಗ ಬಿಗಿದ ಹಾಗೆ ನೋವು. ಅರೆನಿದ್ದೆಯಲ್ಲಿ ಯಾರೋ ಬಂದು ಎದೆಯ ಮೇಲೆ ಕುಳಿತ ಭಾರ. ಕೈ ಎತ್ತಬೇಕೆಂದರೆ ಕೈ ನನ್ನದಲ್ಲ. ಒಂದು ಸಲ ಮಂಚದ ಕಾಲ ಕಡೆ ಹಸಿರು ಸೀರೆಯ ಹೆಂಗಸು ನಿಂತದ್ದನ್ನು ಕಂಡೆ. ಮುಖ ಕಾಣಲಿಲ್ಲ, ಸೀರೆಯ ಅಂಚು ಮಾತ್ರ ಅಲುಗುತ್ತಿತ್ತು. ಎದ್ದು ಕುಳಿತಾಗ ಗೋಡೆಯಾಚೆ ಇಂಜಿನ್ ಗುಂಯ್ ಎನ್ನುತ್ತಿತ್ತು. ಎದ್ದು ಹೋಗಿ ವಾಂತಿ ಮಾಡಿದೆ.

ಅದರ ಜೊತೆಗೆ ಗುಬ್ಬಿಗಳು. ಗಾಡಿಮನೆಯ ತಗಡಿನ ಕೆಳಗೆ ಗೂಡು ಕಟ್ಟಿದ್ದವು. ಸೋಮವಾರ ಬೆಳಿಗ್ಗೆ ತಂಗೆವ್ವ ಗುಡಿಸಲು ಹೋದರೆ ನೆಲದ ಮೇಲೆ ಒಂದೋ ಎರಡೋ ಸತ್ತು ಬಿದ್ದಿರುತ್ತಿದ್ದವು. ಗಾಯವಿಲ್ಲ, ಬೆಕ್ಕು ಮುಟ್ಟಿದ ಗುರುತಿಲ್ಲ. ಕಾಕಾ ಅವನ್ನು ಕೈಯಾರೆ ಎತ್ತಿ ಪೇರಲ ಗಿಡದ ಬುಡದಲ್ಲಿ ಮಣ್ಣು ಮಾಡುತ್ತಿದ್ದರು. ಇರುವೆ ತುಳಿಯದಂತೆ ನಡೆಯುವ ಮನುಷ್ಯನಿಗೆ ಅದು ಬಹಳ ಸಂಕಟ.

"ಕಾಕುಗ ಒಬ್ಬಾಕಿಗೇ ಬ್ಯಾಸರಾಗೈತಿ," ಎಂದಳು ತಂಗೆವ್ವ, ನನಗೆ ಮಾತ್ರ ಕೇಳುವಂತೆ. "ಒಂದೊಂದಽ ಕರಕೊಳ್ಳಾಕತ್ತಾಳ. ನೀವು ಮುಂದಿನ ಖೋಲಿಗೆ ಹೋಗ್ರಿ ಬಾಯಾರ."

ನಾನು ನಕ್ಕೆ. ಆದರೆ ಆ ವಾರ ಎರಡು ದಿನ ರಜೆ ಹಾಕಿ ಮೂಡಲಗಿಗೆ ಹೋದೆ. ಅಲ್ಲಿ ತಲೆನೋವಿಲ್ಲ, ಭಾರವಿಲ್ಲ, ಒಳ್ಳೆಯ ನಿದ್ದೆ. ಹೀಗ್ಹೀಗೆ ಎಂದಾಗ ಅವ್ವ ಏನೂ ಕೇಳದೆ ಎಡಗೈಗೆ ಕರಿದಾರ ಕಟ್ಟಿದಳು. ಗೇರಿನ ಲೆಕ್ಕ ಹೇಳಿಕೊಡುವ ನಾನು ಕೈ ಚಾಚಿ ಕಟ್ಟಿಸಿಕೊಂಡೆ. ತಿರುಗಿ ಹುಕ್ಕೇರಿಗೆ ಬಂದ ಭಾನುವಾರ ಮತ್ತೆ ಅದೇ ಭಾರ, ಅದೇ ಹಸಿರು ಅಂಚು.

ಶ್ರಾವಣದ ಒಂದು ಶನಿವಾರ ಬೆಳಿಗ್ಗೆ ಆ ಕೊನೆಯ ಪಾಠ ಹೇಳುವ ಸರದಿ ಬಂತು. ಕಾರು ತಂದು ತೋರಿಸುವಂತಿಲ್ಲ. ಗುಜರಿ ಡಬ್ಬಿಯಿಂದ ಒಂದು ಹಳೆಯ ಸ್ಟಾರ್ಟರ್ ಮೋಟಾರು ಬಿಚ್ಚಿದೆ. ಅದರೊಳಗೆ ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದೊಂದು ಗ್ರಹ ಗೇರಿನ ಜೋಡಣೆ ಇರುತ್ತದೆ. ನಡುವೆ ಒಂದು ಹಲ್ಲಿನ ಗಾಲಿ, ಅದಕ್ಕೆ ಸೂರ್ಯ ಎನ್ನುತ್ತಾರೆ. ಅದರ ಸುತ್ತ ಹಲ್ಲಿಗೆ ಹಲ್ಲು ಕೂಡಿಸಿ ತಿರುಗುವ ಮೂರು ಗ್ರಹಗಳು. ಆ ಮೂರನ್ನೂ ಹೊತ್ತ ಒಂದು ತಟ್ಟೆ. ಎಲ್ಲವನ್ನೂ ಸುತ್ತುವರಿದು, ಒಳಮೈಗೆ ಹಲ್ಲಿರುವ ಒಂದು ಬಳೆ. ಹೈಬ್ರಿಡ್ ಕಾರಿನ ಹೊಟ್ಟೆಯಲ್ಲಿ ಗೇರ್ ಪೆಟ್ಟಿಗೆಯ ಜಾಗದಲ್ಲಿರುವುದು ಇಂಥದೇ, ದೊಡ್ಡದು. ತಟ್ಟೆಗೆ ಇಂಜಿನ್ ಕೂಡಿರುತ್ತದೆ. ಸೂರ್ಯನಿಗೆ ಒಂದು ಸಣ್ಣ ಮೋಟಾರು. ಬಳೆಗೆ ದೊಡ್ಡ ಮೋಟಾರು ಮತ್ತು ರಸ್ತೆಯ ಮೇಲಿನ ಗಾಲಿಗಳು.

"ಗಾಡಿ ನಿಂತಾಗ ಬಳಿ ಲಾಕ್ ಆಗಿರತೈತಿ," ಎಂದು ಹೇಳುತ್ತಿದ್ದೆ. "ಬ್ಯಾಟರಿ ಇಳೀತು ಅಂದ್ರ, ಸಣ್ಣ ಮೋಟಾರು ಸೂರ್ಯನ್ನ ತಿರುವಿ ಇಂಜಿನ್ ಎಬ್ಬಸತೈತಿ. ಇಂಜಿನ್ ಎದ್ದು ಅದಽ ಮೋಟಾರನ್ನ ತಿರುವಿ ಬ್ಯಾಟರಿ ತುಂಬತೈತಿ. ತುಂಬಿದ ಮ್ಯಾಲ ತಾನಽ ಮಲಗತೈತಿ. ಡ್ರೈವರ್ ಏನೂ ಮುಟ್ಟೂದು ಬ್ಯಾಡ. ನಿಂತಲ್ಲೇ…"

ಅಲ್ಲಿಗೆ ನನ್ನ ಬಾಯಿ ನಿಂತಿತು. ಹುಡುಗರು ನನ್ನನ್ನೇ ನೋಡುತ್ತಿದ್ದರು. ನನ್ನ ಕಣ್ಣ ಮುಂದೆ ಇಳಿದ ಶಟರ್, ಎರಡು ಬೆರಳಿನ ಸಂದು, ನೆಲದ ಮೇಲಿನ ಗುಬ್ಬಿಗಳು. ಮುಚ್ಚಿದ ಜಾಗದಲ್ಲಿ ಇಂಜಿನ್ ಚಾಲೂ ಇಡಬಾರದು, ಆ ಹೊಗೆಯಲ್ಲಿ ಬಣ್ಣವಿಲ್ಲದ, ವಾಸನೆಯಿಲ್ಲದ ವಿಷದ ಗಾಳಿ ಇರುತ್ತದೆ ಎಂದು ಪ್ರತಿ ವರ್ಷ ಮೊದಲ ದಿನವೇ ಹೇಳುವವಳು ನಾನು. ತಲೆನೋವು, ವಾಂತಿ, ಇಲ್ಲದ್ದು ಕಾಣುವುದು. ಕೆಂಪು ಮುಖ. ಎಲ್ಲವನ್ನೂ ಹುಡುಗರಿಂದ ಬರೆಸಿದ್ದೆ.

ಗೇರನ್ನು ಚೀಲಕ್ಕೆ ಹಾಕಿಕೊಂಡು ಸ್ಕೂಟರ್ ಹತ್ತಿದೆ. ಹನ್ನೆರಡು ದಾಟಿತ್ತು, ಆದರೆ ಬೆಳಕು ಮುಸ್ಸಂಜೆಯ ಹಾಗೆ. ಮನೆ ಮುಂದೆ ಶಟರ್ ಇಳಿದಿತ್ತು. ಕಿವಿ ಇಟ್ಟೆ. ಒಂದು ಸಪ್ಪಳವಿಲ್ಲ. ಮಾತಿಲ್ಲ, ಇಂಜಿನ್ ಇಲ್ಲ. ಆ ಕ್ಷಣ ನಾನು ಹೆದರಿದಷ್ಟು ಮತ್ತೆಂದೂ ಹೆದರಿಲ್ಲ.

"ತಂಗೆವ್ವಾ! ಕಾಕಾ ಎಲ್ಲಿ?"

"ಒಳಗ ಅದಾರಲ್ರಿ, ಗಾಡ್ಯಾಗ. ಇವತ್ತು ಕಾಕುನ ವರ್ಷಾಬ್ದಿಕ. ಮುಂಜಾನಿಂದ ಕುಂತಾರ. ಕರಿಬ್ಯಾಡ ಅಂದಾರ."

ಇಬ್ಬರೂ ಸೇರಿ ಶಟರ್ ಎತ್ತಿದೆವು. ಒಳಗೆ ಬೆಚ್ಚಗಿನ ಗಾಳಿ. ಕಾಕಾ ಸೀಟಿನಲ್ಲಿ ಪಕ್ಕಕ್ಕೆ ವಾಲಿದ್ದರು, ಮಲಗಿದವರ ಹಾಗೆ. ಕೆನ್ನೆ ಎರಡೂ ಮದುಮಗನ ಕೆನ್ನೆಯ ಹಾಗೆ ಕೆಂಪಗಿದ್ದವು. ತಂಗೆವ್ವ ಅದನ್ನು ನೋಡಿ ಬಾಯಿಗೆ ಸೆರಗು ಒತ್ತಿಕೊಂಡಳು. ಅವರ ಕಂಕುಳಿಗೆ ಕೈ ಹಾಕಿ ಎಳೆಯುತ್ತಿದ್ದೆ. ಅವರ ಹಿಮ್ಮಡಿ ಇನ್ನೂ ಕಾರಿನ ಹೊಸ್ತಿಲ ಮೇಲಿತ್ತು. ಆಗ ಸತ್ತ ಹಾಗಿದ್ದ ಆ ಗಾಡಿ ನನ್ನ ಮೊಣಕಾಲಿಗೆ ತಾಗಿಕೊಂಡೇ ನಡುಗಿ, ಗುಂಯ್ ಎಂದು ಎದ್ದಿತು.

ತಂಗೆವ್ವ ಕಿರುಚಿ ರಸ್ತೆಗೆ ಓಡಿದಳು. ಯಾಕೆ ಎದ್ದಿತು, ಒಳಗೆ ಯಾವ ಗಾಲಿ ಯಾವುದನ್ನು ತಿರುಗಿಸಿತು, ನನಗೆ ಅರ್ಧ ಗಂಟೆಯ ಹಿಂದೆಯೇ ಗೊತ್ತಿತ್ತು. ಆದರೂ ನನ್ನ ಬಾಯಿಂದ ಬಂದ ಮಾತು, "ಬಿಡ್ರಿ ಕಾಕು, ಬಿಟ್ಟುಬಿಡ್ರಿ ಅವರನ್ನ!"

ಕೈ ಚಾಚಿ ಬಟನ್ ಒತ್ತಿದೆ. ದೀಪಗಳು ಆರಿದವು. ಕಾಕಾರನ್ನು ಮಳೆಗೆ ಎಳೆದು ಮಲಗಿಸಿದೆ. ಮುಖದ ಮೇಲೆ ಹನಿ ಬಿದ್ದಾಗ ಒಮ್ಮೆ ಉಸಿರು ಎಳೆದರು. ನೆರೆಯವರ ಗಾಡಿಯಲ್ಲಿ ಆಸ್ಪತ್ರೆಗೆ, ಅಲ್ಲಿಂದ ಆಕ್ಸಿಜನ್ ಹಚ್ಚಿಕೊಂಡು ಗೋಕಾಕದ ದೊಡ್ಡ ದವಾಖಾನೆಗೆ. ನಾಲ್ಕನೇ ದಿನ ಮನೆಗೆ ಬಂದರು. ಕೈ ತುಸು ನಡುಗುತ್ತಿತ್ತು. ಬುದ್ಧಿಗೆ ಏನೂ ಆಗಿರಲಿಲ್ಲ. ಸುನಂದಾ ಜೊತೆಗೇ ಬಂದು ಉಳಿದಳು.

ಮರುದಿನ ಬೆಳಿಗ್ಗೆ ಕಾಕಾ ನನ್ನನ್ನು ಕರೆದರು. ಪಡಸಾಲೆಯಲ್ಲಿ ಗೋಡೆಗೆ ಒರಗಿ ಕುಳಿತಿದ್ದರು.

"ಬಾಯಾರ, ಡಾಕ್ಟರು ಗಾಳಿ ವಿಷ ಅಂದ್ರು. ಅದು ತಿಳೀತು. ಗಾಡಿ ತಾನಽ ಯಾಕ ಚಾಲೂ ಆಗತೈತಿ, ಅದನ್ನ ನೀವು ಹೇಳ್ರಿ. ನಾ ಗಾಣ ನಡೆಸಿದಾಂವ. ಹಲ್ಲಿನ ಗಾಲಿ ನನಗ ಹೊಸಾದೇನಲ್ಲ."

ಹೇಳುವುದೋ ಬೇಡವೋ ಎಂದು ನಾನು ಯೋಚಿಸಬೇಕಿತ್ತು. ಯೋಚಿಸಲಿಲ್ಲ. ಕಲಿಸುವವಳ ಚಟ. ಚೀಲದಲ್ಲಿದ್ದ ಗೇರು ತಂದು ಅವರ ಅಂಗೈಯಲ್ಲಿಟ್ಟೆ.

"ಹೊರಗಿನ ಈ ಬಳಿ ಅಂದ್ರ ರಸ್ತೆ ಮ್ಯಾಲಿನ ಗಾಲಿ. ಗಾಡಿ ನಿಂತೈತಿ. ಇದನ್ನ ಗಟ್ಟಿ ಹಿಡೀರಿ."

ಹಿಡಿದರು. ನಾನು ಬೆರಳಿನಿಂದ ನಡುವಿನ ಸೂರ್ಯನನ್ನು ತಿರುವಿದೆ. ಮೂರು ಗ್ರಹಗಳು ಉರುಳಿದವು, ತಟ್ಟೆ ನಿಧಾನವಾಗಿ ಸುತ್ತಿತು.

"ತಟ್ಟಿ ಅಂದ್ರ ಇಂಜಿನ್. ಎದ್ದಿತು ನೋಡ್ರಿ. ಈಗ ನೀವು ತಟ್ಟಿ ತಿರುವ್ರಿ."

ಅವರು ಹೆಬ್ಬೆರಳಿನಿಂದ ತಿರುವಿದರು. ಸೂರ್ಯ ಸರ್ರನೆ ತಿರುಗಿತು.

"ಈಗ ಇಂಜಿನ್ ದುಡಿಯಾಕತ್ತೈತಿ, ಸಣ್ಣ ಮೋಟಾರು ಕರೆಂಟ್ ಮಾಡಾಕತ್ತೈತಿ."

"ಮತ್ತ ಸಪ್ಪಳ ಇಲ್ದ ಓಡತೈತಲ್ಲ, ಅದು?"

"ಈಗ ತಟ್ಟಿ ಹಿಡೀರಿ. ಇಂಜಿನ್ ಮಲಗೈತಿ. ಬಳಿ ತಿರುವ್ರಿ." ಬಳೆ ಒಂದು ಕಡೆ ತಿರುಗಿತು, ಸೂರ್ಯ ಎದುರು ದಿಕ್ಕಿಗೆ. "ದೊಡ್ಡ ಮೋಟಾರು ಗಾಲಿ ಓಡಸತೈತಿ. ಇಂಜಿನ್‌ಗೆ ಸುದ್ದಿನಽ ಇಲ್ಲ."

ಕಾಕಾರ ಕಣ್ಣಲ್ಲಿ ಹಳೆಯ ಗಾಣದವನ ಖುಷಿ ಮೂಡಿತು. "ಕ್ಲಚ್ ಇಲ್ಲ, ಗೇರ್ ಹಾಕೂದಿಲ್ಲ. ಮೂರೂ ಯಾವಾಗ್ಲೂ ಕೂಡೇ ಇರತಾವು. ಎರಡು ಏನ್ ಮಾಡತಾವು ಅನ್ನೂದರ ಮ್ಯಾಲ ಮೂರನೇದು ನಡೀತೈತಿ. ನಮ್ಮ ಗಾಣದಾಗ ಒಂದ್ ನಿಂತ್ರ ಎಲ್ಲಾ ನಿಂತು ಬಿಡ್ತಿದ್ದವು. ಭಾಳ ಶಾಣ್ಯಾ ಅದಾನ್ರಿ ಇದನ್ನ ಮಾಡಿದಾಂವ." ಮತ್ತೆ ತಿರುವಿದರು, ಮತ್ತೆ ಹಿಡಿದರು. "ಏಳು ಅಂತ ಅದಕ್ಕ ಹೇಳಾವ್ರು ಯಾರು?"

"ಒಳಗೊಂದು ಕಂಪ್ಯೂಟರ್ ಐತ್ರಿ. ಬ್ಯಾಟರಿ ಇಳೀತು ಅಂದ್ರ ಎಬ್ಬಸತೈತಿ."

"ಬಟನ್ ಒತ್ತದಽ?"

"ಮೊದಲ ಒಮ್ಮಿ ಒತ್ತಿರಬೇಕ್ರಿ. ತಿರುಗಿ ಒತ್ತಿ ಬಂದ್ ಮಾಡೂ ತನಕಾ ಅದು ಚಾಲೂನಽ. ಸುಮ್ಮನ ನಿಂತಿದ್ರೂ ಚಾಲೂನಽ. ಇಂಜಿನ್ ಮಲಗೈತಿ ಅಂದ್ರ ಗಾಡಿ ಬಂದ್ ಐತಿ ಅಂತಲ್ಲ."

ಅವರ ಹೆಬ್ಬೆರಳು ತಟ್ಟೆಯ ಮೇಲೆಯೇ ನಿಂತುಬಿಟ್ಟಿತು. ನನಗೆ ಆಗ ಹೊಳೆಯಿತು, ನಾನು ಏನು ಹೇಳಿಬಿಟ್ಟೆನೆಂದು.

"ಮೂರನೇ ದಿನ ನಾ ಬಟನ್ ಮುಟ್ಟಿರಲಿಲ್ಲ," ಎಂದರು ಕಾಕಾ. ಬಹಳ ಮೆಲ್ಲಗೆ, ಲೆಕ್ಕ ತಾಳೆ ನೋಡುವವರ ಹಾಗೆ. "ತಾನಽ ಚಾಲೂ ಆತು. ಅಂದ್ರ ಅದು ಮೊದಲಽ ಚಾಲೂ ಇತ್ತು. ಯಾವಾಗಿಂದ?"

ಗೇರು ತಿರುಗಿ ತೆಗೆದುಕೊಳ್ಳಲು ನಾನು ಕೈ ಚಾಚಿದೆ. ಕಾಕಾ ಕೊಡಲಿಲ್ಲ.

"ಆ ದಿನ ಗೋಕಾಕಿಂದ ಆಕಿ ಗುಳಿಗಿ ತಗೊಂಡು ಬಂದೆ. ಮಳಿ. ಹಿಂದ ಸರಿಸಿ ನಿಲ್ಲಿಸಿದೆ. ಸಪ್ಪಳ ಇರಲಿಲ್ಲ, ಬಂದ್ ಆಗೇತಿ ಅಂದ್ಕೊಂಡೆ. ಕೀಲಿ ಗಾಡ್ಯಾಗಽ ಇಡೂ ರೂಢಿ. ಶಟರ್ ಎಳದು, ಉಂಡು, ಬಸದಿಗೆ ಪ್ರವಚನ ಕೇಳಾಕ ಹೋದೆ. ಬರೂದು ಐದಾತು." ಅವರು ಹಿಂದಿನ ಖೋಲಿಯ ಕಡೆ ನೋಡಿದರು. "ಆಮ್ಯಾಲ ಮಂದಿ ಬಂದ್ರು, ಶಟರ್ ಎಲ್ಲಾ ತಗದಿಟ್ರು. ಮೂರು ದಿನ ಯಾರು ನೋಡ್ತಾರ ಗಾಡಿ?"

"ಕಾಕಾ, ಹಂಗಽ ಆತು ಅಂತ ಹೇಳಾಕ ಬರೂದಿಲ್ರಿ. ಡಾಕ್ಟರು ಎದಿ ಅಂದಾರ. ಈಗ ಯಾವ ಪರೀಕ್ಷಾನೂ ಮಾಡಾಕ ಆಗೂದಿಲ್ಲ…"

"ಬಾಯಾರ," ಎಂದರು ಅವರು, "ನೀವು ಕಲಿಸಿದ್ದು ನನಗ ತಿಳೀತು."

ಆಮೇಲೆ ಮಗಳನ್ನು ಕೂಗಿದರು. ಸುನಂದಾ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದಳು. ನಾನು ಏಳಹೋದರೆ ಕೂರುವಂತೆ ಕೈ ಮಾಡಿದರು. ಒಂದು ಮಾತು ಬಿಡದೆ, ತಮಗೆ ಅನುಕೂಲವಾಗುವಂತೆ ಏನನ್ನೂ ತಿದ್ದದೆ, ಮಗಳಿಗೆ ಎಲ್ಲವನ್ನೂ ಹೇಳಿದರು. ಕೊನೆಗೆ ಹೇಳಿದರು:

"ನಿಮ್ಮವ್ವನ್ನ ನಾನಽ ಕಳದೆ. ಒಂದು ವರ್ಷ ಆಕೀನಽ ಮಾತಾಡಸ್ತಾಳ ಅಂತ ಸುಖಪಟ್ಟೆ."

ಸುನಂದಾ ಬೈಯುತ್ತಾಳೆ, ಇಲ್ಲ ಗಟ್ಟಿಯಾಗಿ ಅಳುತ್ತಾಳೆ ಎಂದುಕೊಂಡೆ. ಅವಳು ಬಂದು ಅಪ್ಪನ ಎದುರಿಗೆ ಮಂಡಿಯೂರಿ ಕುಳಿತಳು.

"ಅಪ್ಪಾ, ಆ ದಿನ ಎರಡೂವರಿಗೆ ಅವ್ವ ನನಗ ಫೋನ್ ಮಾಡಿದ್ಲು. ತಲಿ ಒಡ್ಯಾಕತ್ತೈತಿ, ಹೊಟ್ಟಿ ತೊಳಸಾಕತ್ತೈತಿ, ಹೊರಗ ಕಟ್ಟಿ ಮ್ಯಾಲ ಹೋಗಿ ಕುಂಡ್ರಲೇನು ಅಂದ್ಲು." ಅವಳು ಅಪ್ಪನ ಮೊಣಕಾಲು ಹಿಡಿದುಕೊಂಡಳು. "ನಾನಽ ಬ್ಯಾಡ ಅಂದೆ. ಮಳಿ ಐತಿ, ಥಂಡಿ ಆಗತೈತಿ, ಸುಮ್ಮನ ಮಲಗು ಅಂದೆ. ಒಂದು ವರ್ಷ ಆತು, ಯಾರಿಗೂ ಹೇಳಿಲ್ಲ. ನನ್ನ ಗಂಡಗ ಸೈತ ಹೇಳಿಲ್ಲ. ಎದಿ ನೋವಿನ ಸೂಚನಿ ಇದ್ದೀತು, ನನಗ ತಿಳೀಲಿಲ್ಲ ಅಂತ…"

ಕಾಕಾ ಕೈ ಎತ್ತಿ ಅವಳ ತಲೆಯ ಮೇಲಿಟ್ಟರು. ನಾನು ಎದ್ದು ಹೊರಗೆ ಬಂದು ಕಟ್ಟೆಯ ಮೇಲೆ ಮಳೆಯಲ್ಲಿ ನಿಂತೆ. ಎಷ್ಟು ಹೊತ್ತೋ ತಿಳಿಯದು. ಒಳಗಿನಿಂದ ಮೊದಲು ಕೇಳಿದ್ದು ಸುನಂದಾಳ ದನಿ: "ಏಳಪ್ಪಾ, ಊಟಾ ಮಾಡು. ಗುಳಿಗಿ ತಗೊಳ್ಳೂದೈತಿ."

ಆ ವಾರವೇ ತಗಡು ಇಳಿಸಿದರು. ಶಟರ್ ಕಿತ್ತರು. ವರ್ಷಗಳ ಮೇಲೆ ಆ ಅಂಗಳಕ್ಕೆ ಮಳೆ ಬಿತ್ತು. ನಾನು ಮುಂದಿನ ಖೋಲಿಗೆ ಹೋದೆ. ತಲೆನೋವು ಮತ್ತೆ ಬರಲಿಲ್ಲ. ಹಸಿರು ಸೀರೆಯ ಹೆಂಗಸೂ ಕಾಣಲಿಲ್ಲ. ಒಮ್ಮೆ ಸುನಂದಾಳನ್ನು ಕೇಳಿದೆ, ಅವ್ವನ ಹತ್ತಿರ ಹಸಿರು ಸೀರೆ ಇತ್ತೇ ಎಂದು. ಆ ದಿನ ಉಟ್ಟದ್ದು ಅದೇ ಎಂದಳು. ತಂಗೆವ್ವ ಮುಂಚೆ ಎಂದಾದರೂ ನನಗೆ ಹೇಳಿರಬೇಕು. ಹೇಳಿರಲೇಬೇಕು. ತಂಗೆವ್ವನನ್ನು ನಾನು ಕೇಳಲಿಲ್ಲ.

ಕಾರನ್ನು ಮಾರುವುದಿಲ್ಲ ಎಂದರು ಕಾಕಾ. ಇನ್ನೊಬ್ಬರ ಮನೆಗೆ ಅದು ಹೋಗಬಾರದು. ಹುಡುಗರು ಬಿಚ್ಚಿ ಕಲಿಯಲಿ ಎಂದು ಐಟಿಐಗೆ ಕೊಟ್ಟರು. ಸೆಪ್ಟೆಂಬರಿನ ಒಂದು ಬೆಳಿಗ್ಗೆ ದೊಡ್ಡದು, ಸಣ್ಣದು ಎರಡೂ ಬ್ಯಾಟರಿಗಳನ್ನು ಬಿಚ್ಚಿ ಇಳಿಸಿ, ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ, ಮೆಲ್ಲಗೆ ಎಳೆದುಕೊಂಡು ಹೊರಟೆವು. ಕೀಲಿ ನನ್ನ ಕೈಯಲ್ಲಿತ್ತು. ಕಾಕಾ ಬಿಳಿ ಧೋತರ ಉಟ್ಟು, ಕಾರಿನ ಹಿಂದೆ ನಡೆದು ಬಂದರು. ಬೇಡವೆಂದರೂ ಕೇಳಲಿಲ್ಲ. ದಾರಿಯಲ್ಲಿ ನೋಡಿದವರು ಟೋಪಿ ತೆಗೆದು ನಿಂತರು; ಏನೆಂದುಕೊಂಡರೋ.

ಗುಮ್ಮಟಗಳ ಹತ್ತಿರ ರಸ್ತೆ ತುಸು ಇಳಿಜಾರು. ಅಲ್ಲಿ ಟ್ರ್ಯಾಕ್ಟರಿನ ಸದ್ದು ತಗ್ಗಿತು. ಆಗ ಕಾರಿನ ಒಳಗಿನಿಂದ ಒಂದು ದನಿ ಬಂತು. ಸಣ್ಣಗೆ, ಉದ್ದಕ್ಕೆ, ಬಾಯಿ ಮುಚ್ಚಿಕೊಂಡು ಯಾರೋ ಅಳುವ ಹಾಗೆ. ಗಾಡಿ ನಿಧಾನವಾದರೆ ದನಿಯೂ ಇಳಿಯುತ್ತಿತ್ತು, ವೇಗಕ್ಕೆ ಏರುತ್ತಿತ್ತು. ಟ್ರ್ಯಾಕ್ಟರಿನವನು ಹಿಂತಿರುಗಿ ನೋಡಿದ. ನಾನು ಅವಸರದಿಂದ ಕಾಕಾರ ಹತ್ತಿರ ಹೋದೆ. ಹೇಳಲು ಮಾತು ಬಾಯಲ್ಲಿ ಸಿದ್ಧವಾಗಿತ್ತು: ರಸ್ತೆಯ ಮೇಲಿನ ಗಾಲಿ ತಿರುಗಿದರೆ ಬಳೆ ತಿರುಗುತ್ತದೆ, ಇಂಜಿನ್ ಮಲಗಿರುವಾಗ ಸೂರ್ಯ ಎದುರು ದಿಕ್ಕಿಗೆ ತಿರುಗುತ್ತದೆ, ಆ ದನಿ ಸಣ್ಣ ಮೋಟಾರಿನದು…

ಕಾಕಾ ಕಾರಿನ ಹಿಂಬದಿಯ ಮೇಲೆ ಅಂಗೈ ಊರಿಕೊಂಡು ನಡೆಯುತ್ತಿದ್ದರು. ನನ್ನ ಕಡೆ ತಿರುಗಿ ತಲೆಯಾಡಿಸಿದರು.

"ಹೇಳಬ್ಯಾಡ್ರಿ ಬಾಯಾರ. ನನಗ ಗೊತ್ತೈತಿ ಅದೇನಂತ."

ಏನು ಗೊತ್ತು ಎಂದು ನಾನು ಕೇಳಲಿಲ್ಲ. ಐಟಿಐಯ ಗೇಟಿನ ತನಕ ಅವರು ಕೈ ತೆಗೆಯಲಿಲ್ಲ.